ಆಡುವವರಿಗಾಗಿ ಕಾಯುವ ಆಟಗಳು

ಹೊಸ ಆಟವೊಂದರ ಗುಣವನ್ನು ಅದರ ನಿಯಮಗಳನ್ನು ಓದಿ ಅಳೆಯಲಾಗದು. ನಾಲ್ಕು ಜನರೊಡನೆ ಕುಳಿತು ಆಡಿಯೇ ತಿಳಿಯಬೇಕು. ಜರ್ಮನಿಯ ಎಸ್ಸೆನ್ ನಗರದಲ್ಲಿ 1983ರಲ್ಲಿ ಚಿಕ್ಕದಾಗಿ ಆರಂಭವಾಗಿ, ಈಗ ವರ್ಷಕ್ಕೊಮ್ಮೆ ಎರಡು ಲಕ್ಷದಷ್ಟು ಜನರನ್ನು ಸೆಳೆಯುವ ‘ಶ್ಪೀಲ್’ ಮೇಳವು ಬೆಳೆದದ್ದು ಈ ತಿಳಿವಳಿಕೆಯ ಮೇಲೆಯೇ. ಬೋರ್ಡ್ ಗೇಮ್ ಎಂದು ಇಂದು ಕರೆಯುವ, ಹಾಸು, ಕಾಯಿ, ದಾಳ, ಎಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಆಡುವ ಆಟಗಳಿಗಾಗಿಯೇ ನಡೆಯುವ ಇಂಥ ಮೇಳಗಳು ಇತ್ತೀಚಿನ ವರ್ಷಗಳಲ್ಲಿ ಮುಂಬಯಿ, ಬೆಂಗಳೂರುಗಳಿಗೂ ಬಂದಿವೆ. ಅಲ್ಲಿ ಕೊಳ್ಳುವವರಿಗಿಂತ ಮೊದಲು ಆಡುವವರಿಗೆ ಕುರ್ಚಿ ಸಿಗುತ್ತದೆ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದ ನಾಲ್ವರು ಒಂದು ಮೇಜಿನ ಸುತ್ತ ಸೇರುತ್ತಾರೆ, ಆಟವನ್ನು ಬಲ್ಲವರೊಬ್ಬರು ನಿಂತುಕೊಂಡೇ ಅದರ ಗುರಿಯನ್ನೂ ನಡೆಯನ್ನೂ ಹೇಳಿಕೊಡುತ್ತಾರೆ, ಮೊದಲ ಸುತ್ತು ತಪ್ಪುಗಳಲ್ಲೇ ಕಳೆದು ಎರಡನೆಯದರಲ್ಲಿ ಆಟದ ಒಳಗುಟ್ಟು ನಿಧಾನವಾಗಿ ತೆರೆದುಕೊಳ್ಳತೊಡಗುತ್ತದೆ.

ಇಲ್ಲಿ ಪರೀಕ್ಷೆಗೆ ಒಳಗಾಗುವುದು ಆಡುವವರಲ್ಲ, ಆಟ. ಇನ್ನೂ ಅಚ್ಚಿಗೆ ಹೋಗದ, ರಟ್ಟು ಮತ್ತು ಕೈಬರಹದ ಚೀಟಿಗಳಿಂದ ಮಾಡಿದ ಮಾದರಿ ಪ್ರತಿಯನ್ನು ಹಿಡಿದು ಬಂದ ಕರ್ತೃವು ಆಡುವವರ ಬಾಯಿಮಾತಿಗಿಂತ ಅವರ ಕೈಗಳನ್ನೇ ಹೆಚ್ಚು ಗಮನಿಸುತ್ತಾನೆ: ಯಾವ ಎಲೆಯನ್ನು ಯಾರೂ ಎತ್ತಿಕೊಳ್ಳುತ್ತಿಲ್ಲ, ಯಾವ ಸರದಿಯಲ್ಲಿ ಎಲ್ಲರೂ ಸುಮ್ಮನೆ ಕಾಯುತ್ತಿದ್ದಾರೆ, ಸೋಲು ನಿಶ್ಚಯವಾದವನಿಗೆ ಕೊನೆಯವರೆಗೆ ಕುಳಿತಿರಲು ಏನಾದರೂ ಕಾರಣ ಉಳಿದಿದೆಯೇ ಎಂಬುದು ಅವನಿಗೆ ಬೇಕಾದ ಉತ್ತರ. ಬರೆದಿಟ್ಟ ನಿಯಮವು ಎಷ್ಟೇ ಚೊಕ್ಕವಾಗಿದ್ದರೂ ಈ ಉತ್ತರವನ್ನು ತಾನಾಗಿ ಕೊಡಲಾರದು.

ಈ ಮಾತಿಗೆ ಕನ್ನಡ ನಾಡಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸಂಗೀತ, ಸಾಹಿತ್ಯಗಳ ಪೋಷಕರಾಗಿ ಪ್ರಸಿದ್ಧರು. ಆದರೆ 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು, ಅರಸರು ಅರಮನೆಯ ಎಲ್ಲೆಯೊಳಗೆ ಉಳಿಯಬೇಕಾಗಿ ಬಂದ ದೀರ್ಘಕಾಲವನ್ನು ನೆನೆದರೆ, ಅವರನ್ನು ಆಧುನಿಕ ಅರ್ಥದಲ್ಲಿ ಆಟಗಳ ಕರ್ತೃವೆಂದೂ ಕರೆಯಬೇಕಾಗುತ್ತದೆ. ಚದುರಂಗದ ಕುದುರೆಯು ಪ್ರತಿಯೊಂದು ಮನೆಗೂ ಒಮ್ಮೆ ಮಾತ್ರ ಕಾಲಿಟ್ಟು ಇಡೀ ಹಾಸನ್ನು ಸುತ್ತುವ ಕುದುರೆನಡೆಯ ಸಮಸ್ಯೆಯಲ್ಲಿ ಅವರಿಗೆ ಅಪಾರ ಆಸಕ್ತಿಯಿತ್ತು. ಅವರ ಹೆಸರಿನೊಡನೆ ಸೇರಿರುವ ‘ಶ್ರೀತತ್ತ್ವನಿಧಿ’ ಎಂಬ ಬೃಹತ್ ಸಚಿತ್ರ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಛದಗಳೆಂಬ ಎಲೆಯಾಟಗಳ ವಿವರಗಳಿವೆ. ಛದವೆಂದರೆ ಪರ್ಷಿಯಾದಿಂದ ಬಂದ ಗಂಜೀಫಾ ಎಂಬ ಎಲೆಯಾಟವನ್ನು ಮೈಸೂರಿನಲ್ಲಿ ವಿಸ್ತರಿಸಿದ ರೂಪ. ಅದರ ಒಂದೊಂದು ಬಣ್ಣದಲ್ಲಿ ಸಾಮಾನ್ಯವಾಗಿ 12 ಅಂಕಿಯ ಎಲೆಗಳೂ 6 ಆಸ್ಥಾನದ ಎಲೆಗಳೂ ಇದ್ದು, ಅತಿ ದೊಡ್ಡ ಕಟ್ಟಿನಲ್ಲಿ ಎಲೆಗಳ ಸಂಖ್ಯೆ 360ರವರೆಗೆ ಏರುತ್ತದೆ. ಇಷ್ಟು ಎತ್ತರದ ಕಲ್ಪನೆ, ಇಷ್ಟು ಸೊಗಸಾದ ಚಿತ್ರಗಳು, ಇಷ್ಟು ಎಚ್ಚರದಿಂದ ದಾಖಲಾದ ವಿವರಗಳು. ಆದರೂ ಛದಗಳು ಅರಮನೆಯ ಹೊರಗೆ ಜನರ ಕೈಗೆ ಬಂದ ಸುಳಿವು ಇಲ್ಲವೆನ್ನುವಷ್ಟು ಕಡಿಮೆ. ಅವುಗಳಿಗೆ ಕೊರತೆಯಾದದ್ದು ನಿಯಮವಲ್ಲ, ಬಳಗ.

ಮೈಸೂರಿನ ಈ ಎಲೆಗಳನ್ನು ಲೋಕದ ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಮುಖ್ಯರಾದವರ ಬದುಕು ಕಳೆದದ್ದು ಮುಂಬಯಿಯಲ್ಲಿ ಎಂಬುದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಬರ್ಲಿನ್ನಿನಲ್ಲಿ ಹುಟ್ಟಿ, ಭೂವಿಜ್ಞಾನವನ್ನು ಓದಿ, 1933ರಲ್ಲಿ ಮುಂಬಯಿಗೆ ಬಂದ ರೂಡಾಲ್ಫ್ ಫಾನ್ ಲೈಡನ್ ಅವರು ಟೈಮ್ಸ್ ಆಫ್ ಇಂಡಿಯಾದ ಕಲಾವಿಮರ್ಶಕರಾಗಿ, ಹುಸೇನ್, ರಝಾ, ಆರಾ ಮೊದಲಾದ ತರುಣ ಚಿತ್ರಕಾರರ ಬೆಂಬಲಿಗರಾಗಿ ಹೆಸರಾದವರು. ವಿಕ್ಟೋರಿಯಾ ಟರ್ಮಿನಸ್ಸಿನ ಎದುರಿನ ಪತ್ರಿಕಾ ಕಚೇರಿಯಿಂದ ಕಾಲಾ ಘೋಡಾದ ಚಿತ್ರಶಾಲೆಗಳವರೆಗಿನ ಫೋರ್ಟ್ ಪ್ರದೇಶವೇ ಅವರ ಈ ಕಾರ್ಯದ ನೆಲೆ. ಆಧುನಿಕ ಚಿತ್ರಕಲೆಯ ನಡುವೆ ಬಾಳಿದ ಅದೇ ಕಣ್ಣು ಹಳೆಯ ಗಂಜೀಫಾ ಎಲೆಗಳ ಕಡೆಗೂ ತಿರುಗಿ, ಮೈಸೂರಿನ ಛದಗಳ ಬಗ್ಗೆ 1973ರಲ್ಲಿ ವಿಯೆನ್ನಾದಿಂದ ಒಂದು ಪುಸ್ತಕವನ್ನೂ, ಭಾರತದ ಒಟ್ಟು ಎಲೆಯಾಟಗಳ ಬಗ್ಗೆ 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಪ್ರದರ್ಶನಕ್ಕಾಗಿ ಇನ್ನೊಂದನ್ನೂ ಕೊಟ್ಟಿತು. ಅವರ ಸಾಧನೆ ದೊಡ್ಡದು, ಕನ್ನಡಿಗರು ಕೃತಜ್ಞರಾಗಿರಬೇಕಾದದ್ದು. ಆದರೆ ಎಲೆಯೊಂದು ಗಾಜಿನ ಪೆಟ್ಟಿಗೆಯೊಳಗೆ ಸೇರಿದಾಗ ಅದು ಚಿತ್ರವಾಗಿ ಉಳಿಯುತ್ತದೆ. ಆಟವಾಗಿ ಉಳಿಯಲು ಅದನ್ನು ಯಾರಾದರೂ ಕಲೆಸಿ ಹಂಚಲೇಬೇಕು.

ಇದಕ್ಕೆ ನೇರ ವಿರುದ್ಧವಾದದ್ದು ಚೆನ್ನೆಮಣೆಯ ಬಾಳು. ಎರಡು ಸಾಲುಗಳಲ್ಲಿ ಏಳೇಳು ಗುಳಿಗಳನ್ನು ಕೊರೆದ ಮರದ ಮಣೆ, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಕಾಳುಗಳು, ಇಷ್ಟೇ ಅದರ ಸಾಮಗ್ರಿ. ಅರಸರ ಆಶ್ರಯವಿಲ್ಲದೆ, ಬರೆದ ಗ್ರಂಥದ ನೆರವಿಲ್ಲದೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಹಿರಿಯರಿಂದ ಕಿರಿಯರಿಗೆ ಕೈಯಿಂದ ಕೈಗೆ ದಾಟಿ ಅದು ತುಳುನಾಡಿನಲ್ಲಿ ಉಳಿದುಬಂದಿದೆ. ಸಿರಿಯ ಪಾಡ್ದನವೆಂಬ ತುಳು ಹಾಡುಗಥೆಯಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕಿಳಿದು ಅದೇ ಮಣೆಯ ಪೆಟ್ಟಿನಿಂದ ದುರಂತಕ್ಕೆ ಈಡಾಗುವ ಕಥೆಯಿದ್ದು, ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ಇಂದಿಗೂ ಇದೆ. ಆಟವೊಂದರ ಸುತ್ತ ಇಂಥ ಭಯಭಕ್ತಿ ಬೆಳೆದಿದೆಯೆಂದರೆ ಅದು ಜನಜೀವನದಲ್ಲಿ ಎಷ್ಟು ಆಳಕ್ಕೆ ಇಳಿದಿರಬೇಕು! ಫೋರ್ಟಿನ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ತುಳುನಾಡಿನ ಹುಡುಗರ ಮುಂದಿನ ತಲೆಮಾರುಗಳು ಮುಂಬಯಿಯ ಸಂಘಗಳಲ್ಲಿ ‘ಆಟಿಡೊಂಜಿ ದಿನ’ವನ್ನು, ಎಂದರೆ ಆಟಿಯಲ್ಲೊಂದು ದಿನವನ್ನು, ಆಚರಿಸುವಾಗ ಪತ್ರೊಡೆಯೆಂಬ ತಿನಿಸಿನ ಜೊತೆಗೆ ಚೆನ್ನೆಮಣೆಯೂ ಹೊರಬರುತ್ತದೆ, ಎಂದೂ ಆಡದ ಮಕ್ಕಳಿಗೆ ಅದು ಹೊಸ ಆಟವೇ ಆಗುತ್ತದೆ.

ಆದ್ದರಿಂದ ಮೇಳದಲ್ಲಿ ಹೊಸದೆಂದು ಇಡಬೇಕಾದದ್ದು ಈ ವರ್ಷ ಅಚ್ಚಾದದ್ದು ಮಾತ್ರವಲ್ಲ. 1999ರಿಂದ ಕಾಲಾ ಘೋಡಾ ಕಲಾ ಉತ್ಸವವು ನಡೆದುಬಂದಿರುವ ಫೋರ್ಟಿನ ಅದೇ ಬೀದಿಯಲ್ಲಿ ಒಂದು ಮೇಜಿನ ಮೇಲೆ ದಶಾವತಾರ ಗಂಜೀಫಾದ 120 ಎಲೆಗಳನ್ನು ಹರಡಬಹುದು. ವಿಷ್ಣುವಿನ ಹತ್ತು ಅವತಾರಗಳು ಅದರ ಹತ್ತು ಬಣ್ಣಗಳು, ಬಣ್ಣಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕಿಗಳು. ಐದು ಬಣ್ಣಗಳಲ್ಲಿ ಹತ್ತು ದೊಡ್ಡದಾದರೆ ಉಳಿದ ಐದರಲ್ಲಿ ಒಂದೇ ದೊಡ್ಡದು. ಹಗಲಿನಲ್ಲಿ ರಾಮನನ್ನು, ಸೂರ್ಯ ಮುಳುಗಿದ ಮೇಲೆ ಕೃಷ್ಣನನ್ನು ಹಿಡಿದವನು ಆಟವನ್ನು ಆರಂಭಿಸುತ್ತಾನೆ. ಗಡಿಯಾರವನ್ನಲ್ಲ, ಆಕಾಶವನ್ನು ನೋಡಿ ಬದಲಾಗುವ ಇಂಥ ನಿಯಮವು ಇಂದಿನ ಕರ್ತೃಗಳನ್ನೂ ಬೆರಗುಗೊಳಿಸುವಂಥದು. ಅದನ್ನು ಕಲಿತವರಿಗೆ ಮರುದಿನ ಮೈಸೂರಿನ ಸಣ್ಣ ಛದವೊಂದನ್ನು ಕೊಡಬಹುದು. ಅದಕ್ಕೆ ದಂತವಾಗಲಿ ಚಿನ್ನದ ರೇಖೆಯಾಗಲಿ ಬೇಡ. ಅಗ್ಗದ ರಟ್ಟಿನ ಮೇಲೆ ಅಚ್ಚುಹಾಕಿದ ಎಲೆಗಳು, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದ ಒಂದು ಪುಟದ ವಿವರಣೆ, ಮತ್ತು ತಾಳ್ಮೆಯಿಂದ ಹೇಳಿಕೊಡುವ ಒಬ್ಬರು ಇದ್ದರೆ ಸಾಕು. ಆಗ ಯಾವ ಎಲೆ ಕೈಯಲ್ಲೇ ಉಳಿಯಿತು, ಯಾವ ನಿಯಮದ ಬಳಿ ಆಟ ನಿಂತಿತು ಎಂಬುದನ್ನು ಪಕ್ಕದಲ್ಲಿ ನಿಂತು ಗುರುತು ಹಾಕಿಕೊಳ್ಳುವವರೂ ಬೇಕಾಗುತ್ತಾರೆ.