ತಟ್ಟಿನ ಮರಿಯ ಕಾಲು

ಆಕಳು ಎಮ್ಮೆಗಳ ಸಂಗತಿ ಬಲ್ಲವರಿಗೆ ನಮ್ಮ ಸಮಾಜದಲ್ಲಿ ಕೊರತೆಯಿಲ್ಲ. ಗೋಶಾಲೆಗೆ ಮೇವಿನ ಲಾರಿ ಕಳಿಸುವವರಿದ್ದಾರೆ, ಪಾಂಜರಾಪೋಳಕ್ಕೆ ವರ್ಷಕ್ಕಿಷ್ಟು ಎಂದು ಬರೆಸುವವರಿದ್ದಾರೆ. ಕುದುರೆ ಎಂದರೆ ಮಾತ್ರ ಮದುವೆಯ ಮೆರವಣಿಗೆ ನೆನಪಾಗುತ್ತದೆ. ಬ್ಯಾಂಡು ನಿಂತ ಮೇಲೆ ಆ ಕುದುರೆ ಎಲ್ಲಿಗೆ ಹೋಯಿತೆಂದು ವಿಚಾರಿಸುವ ಪ್ರಸಂಗ ಬರುವುದಿಲ್ಲ. 2022ರ ಶ್ರಾವಣದಲ್ಲಿ ಅಂಥ ಒಂದು ಸಣ್ಣ ತಟ್ಟು ತನ್ನ ಮರಿಯೊಡನೆ ನಮ್ಮ ಹಿತ್ತಲಿಗೆ ಬಂತು. ಆ ಮರಿಯ ಕಾಲುಗಳ ವಿಷಯವನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ. ನಾವು ಮೆಟ್ರಿಕ್‌ವರೆಗೆ ಓದಿದವರು, ವೈದ್ಯರಲ್ಲ. ಕಂಡದ್ದನ್ನೂ ಡಾಕ್ಟರು ಹೇಳಿದ್ದನ್ನೂ ಬರೆಯುತ್ತೇವೆ.

ನಮ್ಮದು ಗದ್ವಾಲ ಜಿಲ್ಲೆಯ ಉಂಡವಳ್ಳಿ. ಹೈದರಾಬಾದಿನಿಂದ ಕರ್ನೂಲಿನ ಮೇಲೆ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಸೀಮೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು. ಶೇಂಗಾ, ಮೆಣಸಿನಕಾಯಿ ವ್ಯಾಪಾರ. ಮದುವೆಗಳಿಗೆ ಕುದುರೆ ಬಾಡಿಗೆ ಕೊಡುವ ಒಬ್ಬರು ನಮ್ಮ ಗಿರಾಕಿ. ಸಣ್ಣ ಮಕ್ಕಳನ್ನು ಕೂರಿಸಿ ಜಾತ್ರೆಯಲ್ಲಿ ಸುತ್ತು ಹಾಕಿಸಲೆಂದು ಅವರು ಒಂದು ಗಿಡ್ಡ ಹೆಣ್ಣು ತಟ್ಟು ಇಟ್ಟಿದ್ದರು. ಹೆಗಲ ಮೇಲಿನವರೆಗೆ ಅಳೆದರೆ 36 ಇಂಚು, ನಮ್ಮ ಸೊಂಟದ ಎತ್ತರ. (ಅಮೆರಿಕಾದಲ್ಲಿ ಪುಟಾಣಿ ಕುದುರೆ ಎಂದು ದಾಖಲು ಮಾಡುವ ಸಂಘವೊಂದು 34 ಇಂಚಿನ ಮೇಲಿದ್ದರೆ ಒಪ್ಪುವುದಿಲ್ಲವಂತೆ. ನಮ್ಮದು ಎರಡು ಇಂಚಿನಲ್ಲಿ ನಪಾಸು.) ಅದಕ್ಕೆ ಮರಿಯಾಯಿತು. ಮರಿಯ ಮುಂಗಾಲು ಸೊಟ್ಟ.

ಅವರು ಅಂಗಡಿಗೆ ಬಂದು, "ಸಾವ್ಕಾರ್ರೆ, ತಾಯೀನ ಒಬ್ರು ಕೇಳ್ಯಾರ, ಮರಿ ಬ್ಯಾಡಂತಾರ. ಹೈವೇಕ ಬಿಡಾಕ ಮನಸ್ಸು ಬರವಲ್ದು" ಎಂದರು. ಮೂರು ತಿಂಗಳ ಮರಿಯನ್ನು ತಾಯಿಯಿಂದ ಅಗಲಿಸುವಂತಿಲ್ಲ. ಎರಡನ್ನೂ ಕೊಂಡೆವು. ನಮ್ಮ ಮನೆಯವರು, "ಅಂಗಡಿ ಲೆಕ್ಕ ಸಾಲ್ದಂತ ಇದೊಂದು ಹೊಸಾ ಖಾತೆ ತಗದ್ರೇನು?" ಎಂದು ಕೇಳಿದರು. ಆ ಖಾತೆಗೆ ಜಮೆಯ ಕಡೆ ಇಂದಿಗೂ ಏನೂ ಇಲ್ಲ.

ಎದುರಿಗೆ ನಿಂತು ನೋಡಿದರೆ ಮರಿಯ ಎರಡೂ ಮುಂಗಾಲಿನ ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು, ಗೊರಸುಗಳು ಹೊರಕ್ಕೆ ಸರಿದಿದ್ದವು. ನಡೆಯುವಾಗ ಮಂಡಿಗಳು ಉಜ್ಜಿ ಕೂದಲು ಉದುರಿತ್ತು. ಮೈ ಮಾತ್ರ ಗುಂಡಗೆ, ಪಕ್ಕೆಲುಬು ಕೈಗೆ ಸಿಗದಷ್ಟು. ಕಾಲಿಗೆ ಬಲ ಬರಲೆಂದು ಹಿಂದಿನ ಮಾಲೀಕರು ಬೇಯಿಸಿದ ಹುರುಳಿ, ಗೋಧಿ ಬೂಸಾ, ಬೆಲ್ಲ ಕಲಸಿ ಹೊಟ್ಟೆ ತುಂಬ ಕೊಟ್ಟಿದ್ದರು. ಪ್ರೀತಿಯಿಂದಲೇ ಕೊಟ್ಟದ್ದು, ಅದರಲ್ಲಿ ಸಂಶಯವಿಲ್ಲ.

ಮೊದಲ ವಾರ ಸಲಹೆ ಕೊಡುವವರ ಸಂತೆಯೇ ಸೇರಿತು. ಒಬ್ಬ ಹಿರಿಯರು ಮಂಡಿಗೆ ಕಾದ ಕಬ್ಬಿಣದಿಂದ ಬರೆ ಹಾಕಿಸಿರೆಂದರು. ಕುಂಟುವ ಎತ್ತಿಗೂ ಕುದುರೆಗೂ ಹೀಗೆ ಸುಡುವುದು ಹಿಂದಿನಿಂದ ನಡೆದುಬಂದದ್ದು. ಸುಟ್ಟ ಮೇಲೆ ಪ್ರಾಣಿ ಹೊಸ ನೋವಿಗೆ ಹೆದರಿ ಹಳೆಯ ನೋವು ಮರೆತಂತೆ ಕಾಣುತ್ತದೆ, ಅಷ್ಟೇ. ಎಲುಬಿನ ಸೊಟ್ಟು ಹಾಗೇ ಇರುತ್ತದೆ. ಇನ್ನೊಬ್ಬರು ಮನುಷ್ಯರ ನೋವಿನ ಗುಳಿಗೆ ಅರ್ಧರ್ಧ ಮಾಡಿ ಕೊಡಿರೆಂದರು. ಡಾಕ್ಟರು ಇದನ್ನು ಕೇಳಿ ಗದರಿದರು. ನೋವಿನ ಔಷಧಿ ತೂಕ ಮೀರಿದರೆ ಮರಿಯ ಹೊಟ್ಟೆಯೊಳಗೆ ಹುಣ್ಣಾಗುತ್ತದೆ. ಡೈಕ್ಲೋಫೆನಾಕ್ ಎಂಬುದನ್ನಂತೂ ಪಶುಗಳಿಗೆ ಕೊಡುವುದು 2006ರಲ್ಲೇ ನಿಷೇಧವಾಗಿದೆ. ಅದನ್ನು ತಿಂದು ಸತ್ತ ದನವನ್ನು ತಿಂದ ಹದ್ದುಗಳು ದೇಶದಲ್ಲಿ ಲಕ್ಷಗಟ್ಟಲೆ ಸತ್ತವು.

ಡಾಕ್ಟರು ಮೊದಲು ನೋಡಿದ್ದು ಹೊಕ್ಕುಳು ಮತ್ತು ಜ್ವರ. ಇದು ಏಕೆಂದು ಕೇಳಿದೆವು. ಹುಟ್ಟಿದ ಮರಿಯ ಹೊಕ್ಕುಳಿನಿಂದ ಕೀವಿನ ಹುಳು ಒಳಗೆ ಹೋಗಿ ಕೀಲುಗಳಲ್ಲಿ ನೆಲೆಸುವುದುಂಟು. ಕೀಲು ಊದಿ ಬಿಸಿಯಾಗುತ್ತದೆ, ಮರಿ ಆ ಕಾಲು ಊರುವುದಿಲ್ಲ. ಕರುಗಳಲ್ಲಿಯೂ ನಾವು ಇದನ್ನು ಕಂಡಿದ್ದೇವೆ. ಹಾಗಿದ್ದರೆ ಅದು ಅದೇ ದಿನದ ಕೆಲಸ, ಮರುದಿನಕ್ಕೆ ಉಳಿಸುವಂತಿಲ್ಲ. ಹುಟ್ಟಿದ ಕೂಡಲೆ ಹೊಕ್ಕುಳಿಗೆ ಔಷಧಿ ಹಚ್ಚುವುದು, ಮೊದಲ ಆರೇಳು ತಾಸಿನೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗುವಂತೆ ನೋಡುವುದು, ಇವೆರಡೇ ಅದಕ್ಕೆ ಕಾವಲು. ಒಂದು ದಿನ ಕಳೆದ ಮೇಲೆ ಗಿಣ್ಣದಲ್ಲಿರುವ ರಕ್ಷಣೆಯನ್ನು ಮರಿಯ ಕರುಳು ಹೀರಿಕೊಳ್ಳುವುದಿಲ್ಲ. ನಮ್ಮ ಮರಿಗೆ ಜ್ವರವಿರಲಿಲ್ಲ, ಬಾವಿರಲಿಲ್ಲ. ಹಣೆ, ದವಡೆ ನೋಡಿ ಹುಟ್ಟು ಕುಬ್ಜವೂ ಅಲ್ಲವೆಂದರು. ಪುಟಾಣಿ ಕುದುರೆಗಳಲ್ಲಿ ಅದೊಂದು ಶಾಪ, ಅಂಥ ಮರಿಯ ಕಾಲು ಯಾವ ಉಪಾಯಕ್ಕೂ ನೆಟ್ಟಗಾಗುವುದಿಲ್ಲ.

ಆಮೇಲೆ ಎಕ್ಸ್‌ರೇ. ಮರಿಯನ್ನು ಟೆಂಪೋದಲ್ಲಿ ಹುಲ್ಲು ಹಾಸಿ ಕರೆದೊಯ್ದೆವು, ತಾಯಿಯೂ ಜೊತೆಗೆ. ಮಂಡಿಯೊಳಗಿನ ಸಣ್ಣ ಎಲುಬುಗಳು ಜಜ್ಜಿರಲಿಲ್ಲ. ಸೊಟ್ಟು ಇದ್ದದ್ದು ಮಂಡಿಯ ಮೇಲೆ, ಉದ್ದ ಎಲುಬು ಬೆಳೆಯುವ ಪಟ್ಟಿಯಲ್ಲಿ. ಆ ಪಟ್ಟಿಯ ಒಳಬದಿ ಬೇಗ, ಹೊರಬದಿ ನಿಧಾನ ಬೆಳೆದು ಕಾಲು ಹೊರಕ್ಕೆ ವಾಲಿತ್ತು. ಬೆಳವಣಿಗೆ ನಡೆದಿರುವಾಗ ತಿದ್ದಬಹುದು, ನಿಂತ ಮೇಲೆ ಆಗುವುದಿಲ್ಲ. ಗೊರಸಿನ ಮೇಲಿನ ಕೀಲಿಗೆ ಸಿಗುವ ಅವಧಿ ಹುಟ್ಟಿನಿಂದ ಎರಡು ಮೂರು ತಿಂಗಳು ಮಾತ್ರ, ಮಂಡಿಗೆ ಸುಮಾರು ಆರರಿಂದ ಎಂಟು ತಿಂಗಳು. ನಮ್ಮದು ಮಂಡಿಯಾದ್ದರಿಂದ ಮೂರ್ನಾಲ್ಕು ತಿಂಗಳು ಕೈಯಲ್ಲಿತ್ತು. ಹುಂಡಿಯ ಮುದ್ದತ್ತಿನಂತೆ ಅದು. ತಾರೀಖು ದಾಟಿದರೆ ಯಾರ ಹತ್ತಿರ ಹೋದರೂ ಚಲಾವಣೆಯಿಲ್ಲ.

ಆ ರಾತ್ರಿ ಮನೆಯಲ್ಲಿ ಒಂದು ಮಾತು ನಡೆಯಿತು, ಬರೆಯದೆ ಬಿಟ್ಟರೆ ಅರ್ಧ ಬರೆದಂತಾಗುತ್ತದೆ. ಊರಿಗೆ ಬಂದಿದ್ದ ಬಂಧುವೊಬ್ಬರು, ಮರಿಗೆ ನೆಟ್ಟಗೆ ನಿಲ್ಲಲು ಆಗದಿದ್ದರೆ ಸೂಜಿ ಹಾಕಿ ಮುಗಿಸುವುದು ಬೇರೆ ದೇಶಗಳಲ್ಲಿ ದಯೆ ಎನಿಸಿಕೊಳ್ಳುತ್ತದೆ ಎಂದರು. ನಮ್ಮ ಮಗ, "ಅಪ್ಪಾಜಿ, ನಾವು ಕೊಲ್ಲಂಗಿಲ್ಲ ಖರೆ. ಆದ್ರ ಅದು ದಿನಾ ನರಳೋದು ನೋಡ್ಕೋತ ಕುಂದ್ರೂದೂ ಹಿಂಸೆನ ಅಲ್ಲೇನು?" ಎಂದ. ಉತ್ತರ ನಮ್ಮ ಹತ್ತಿರ ಸಿದ್ಧವಿರಲಿಲ್ಲ. ಕೊಲ್ಲಬಾರದು, ನೋಯಿಸಬಾರದು ಎಂದು ಒಂದೇ ಉಸಿರಿನಲ್ಲಿ ಕಲಿತವರು ನಾವು. ಅವೆರಡೂ ಎದುರುಬದುರು ನಿಲ್ಲಬಹುದೆಂದು ಯಾರೂ ಕಲಿಸಿರಲಿಲ್ಲ. ಕೊನೆಗೆ, ಮುದ್ದತ್ತು ಇರುವವರೆಗೆ ಮಾಡುವುದನ್ನೆಲ್ಲ ಸರಿಯಾಗಿ ಮಾಡೋಣ, ನೋವಿಗೆ ಡಾಕ್ಟರ ಕೈಯಿಂದ ಔಷಧಿ ಕೊಡಿಸೋಣ, ಆಮೇಲೆ ಅದರ ಆಯುಷ್ಯ ಎಂದು ನಿಶ್ಚಯಿಸಿದೆವು. ಮಗನ ಪ್ರಶ್ನೆ ಹಾಗೇ ಉಳಿದಿದೆ.

ಮಾಡಬೇಕಾದದ್ದು ಮೂರೇ ಇತ್ತು. ಓಡಾಟ ಕಡಿಮೆ, ಗೊರಸು ತಿದ್ದುವುದು, ಮೇವಿನ ಲೆಕ್ಕ. ಕೊನೆಯದೇ ಕಠಿಣವಾಯಿತು.

ಧಾನ್ಯದ ವ್ಯಾಪಾರಿಗಳಾದ ನಮಗೆ ಬೂಸಾ ಎಂದರೆ ಕೈಗೆ ಸಿಗುವ ದಾನ. ಗೋಧಿ ಬೂಸಾದಲ್ಲಿ ರಂಜಕದ ಅಂಶ ಸುಣ್ಣದ ಅಂಶಕ್ಕಿಂತ ಎಂಟು ಹತ್ತು ಪಟ್ಟು ಇರುತ್ತದೆ. ಕುದುರೆಗೆ ಬೇಕಾದದ್ದು ಇದರ ತಿರುವು. ಸುಣ್ಣವೇ ಹೆಚ್ಚಿರಬೇಕು, ರಂಜಕದ ಒಂದೂವರೆಯಿಂದ ಎರಡು ಪಟ್ಟು. ರಂಜಕ ಮೇಲಾದರೆ ರಕ್ತದ ಲೆಕ್ಕ ಸರಿದೂಗಿಸಲು ಶರೀರ ತನ್ನ ಎಲುಬಿನಿಂದಲೇ ಸುಣ್ಣ ತೆಗೆಯುತ್ತದೆ. ಗಲ್ಲೆಯಲ್ಲಿ ರೊಕ್ಕ ಕಾಣಲೆಂದು ಮನೆಯ ಬಂಗಾರ ಮಾರಿದಂತೆ. ಹಿಂದೆ ಯುರೋಪಿನಲ್ಲಿ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಬೂಸಾ ತಿಂದೂ ತಿಂದೂ ಮುಖದ ಎಲುಬು ಊದುತ್ತಿತ್ತು, ಕಾಲು ಕುಂಟುತ್ತಿತ್ತು. ಆ ರೋಗಕ್ಕೆ ಗಿರಣಿಯವರ ಹೆಸರೇ ಬಿತ್ತು. ಬಡವನ ಕುದುರೆಗೆ ಬರದ ರೋಗ ಗಿರಣಿ ಸಾಹುಕಾರನ ಕುದುರೆಗೆ ಬಂತು! ಇನ್ನು ಹುರುಳಿ, ಬೆಲ್ಲ ಹೆಚ್ಚಾದರೆ ಮರಿ ಬೇಗ ತೂಕ ಹಿಡಿಯುತ್ತದೆ. ಎಳೆಯ ಪಟ್ಟಿಯ ಮೇಲೆ ಆ ಭಾರ ಬಿದ್ದು ಸೊಟ್ಟು ಮತ್ತೂ ಸೊಟ್ಟಾಗುತ್ತದೆ.

ಆದ್ದರಿಂದ ಬೂಸಾ ಬಂದ್, ಬೆಲ್ಲ ಬಂದ್. ತಾಯಿಯ ಹಾಲು, ಒಣ ಹುಲ್ಲು, ತೂಗಿ ಕೊಡುವ ಕುದುರೆ ಮಸಾಲೆ ಸೊಪ್ಪು, ಡಾಕ್ಟರು ಬರೆದುಕೊಟ್ಟಷ್ಟು ಖನಿಜದ ಪುಡಿ, ನೆಕ್ಕಲು ಉಪ್ಪಿನ ಹೆಂಟೆ. ಕುದುರೆ ಮಸಾಲೆಯಲ್ಲಿ ಸುಣ್ಣದಂಶ ಚೆನ್ನಾಗಿದೆ, ಹೆಸರಿನಲ್ಲೇ ಕುದುರೆಯೂ ಇದೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಇದು ಅಳತೆ.

ಅಷ್ಟರಲ್ಲಿ ಭಾದ್ರಪದ ಬಂತು, ದಶಲಕ್ಷಣ ಪರ್ವ. ಸುತ್ತಲಿನ ಊರುಗಳ ನಮ್ಮವರಿಗೆ ಮರಿಯ ಸುದ್ದಿ ಮುಟ್ಟಿತ್ತು. ಗದ್ವಾಲ, ರಾಯಚೂರುಗಳಿಂದಲೂ ಬಂದರು. ಬಂದವರ ಕೈಯಲ್ಲಿ ಬೆಲ್ಲ, ನೆನೆಸಿದ ಕಡಲೆ, ಹಿಟ್ಟಿನ ಉಂಡೆ. ಒಂದೇ ಮಧ್ಯಾಹ್ನ ನಾಲ್ಕು ಮನೆಯವರು. ಲಾಯದ ಬಾಗಿಲಿಗೆ ಬೀಗ ಹಾಕಿದೆವು. ನಮಗಿಂತ ಹಿರಿಯರಾದ ಒಬ್ಬ ತಾಯಿಯವರು ಬಹಳ ಬೇಸರಪಟ್ಟರು. "ಏನಪ್ಪಾ, ಮೂಕಪ್ರಾಣಿಗೆ ಒಂದು ತುತ್ತು ಹಾಕಾಕೂ ನಿನ್ನ ಅಪ್ಪಣೆ ಬೇಕೇನು? ದಾನಕ್ಕ ಅಡ್ಡ ಬರಬಾರದು." ಅವರಿಗೆ ಎದುರು ಮಾತಾಡುವುದು ನಮ್ಮಿಂದಾಗದು. ಮೊಮ್ಮಗಳು ಅವರ ಕೈಹಿಡಿದು ಮರಿಯ ಎದುರಿಗೆ ನಿಲ್ಲಿಸಿ ಮಂಡಿ ತೋರಿಸಿದಳು. "ಅಜ್ಜೀ, ಇದಕ್ಕ ಹೊಟ್ಟಿ ಹಸದಿಲ್ಲ, ಕಾಲು ಸೋತೈತಿ." ಆ ತಾಯಿ ಸ್ವಲ್ಪ ಹೊತ್ತು ನಿಂತು, ಉಂಡೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೋದರು. ಮುಂದಿನ ಅಷ್ಟಮಿಗೆ ಕುದುರೆ ಮಸಾಲೆಯ ಎರಡು ಕಟ್ಟು ಕಳಿಸಿದರು, ಜೊತೆಗೆ ತೂಗಿ ಹಾಕಲು ಹೇಳಿ.

ಗೊರಸಿನ ಕೆಲಸಕ್ಕೆ ಕರ್ನೂಲಿನಿಂದ ನಾಲಬಂದ ಬಂದರು. ಕಾಲು ಹೊರಕ್ಕೆ ವಾಲಿದ್ದಾಗ ಗೊರಸಿನ ಹೊರಬದಿಯನ್ನು ಸ್ವಲ್ಪ ಇಳಿಸಬೇಕು. ಎರಡು ಮೂರು ವಾರಕ್ಕೊಮ್ಮೆ, ಕೂದಲೆಳೆಯಷ್ಟೇ. ಒಂದೇ ಸಲ ಹೆಚ್ಚು ತೆಗೆದರೆ ಮೇಲಿನ ಕೀಲಿಗೆ ಪೆಟ್ಟು. ಇಷ್ಟಕ್ಕೂ ಬಗ್ಗದಿದ್ದರೆ ಬೇಗ ಬೆಳೆಯುವ ಬದಿಗೆ ಶಸ್ತ್ರಕ್ರಿಯೆಯಿಂದ ಒಂದು ಸ್ಕ್ರೂ ಹಾಕಿ ತಡೆಯುವುದುಂಟು, ಕಾಲು ನೆಟ್ಟಗಾದ ದಿನವೇ ಅದನ್ನು ತೆಗೆಯಬೇಕು. ಅದರ ಮಾತು ಆರನೆಯ ತಿಂಗಳಲ್ಲಿ ತೀರ್ಮಾನಿಸೋಣವೆಂದರು. ಲಾಯದ ಶಹಾಬಾದಿ ಫರಸಿಯ ಮೇಲೆ ಮರಿ ಜಾರುತ್ತಿತ್ತು, ಕಿತ್ತು ಮರಮು ಹಾಕಿ ಬಡಿಸಿದೆವು. ದಿನಕ್ಕೆರಡು ಸಲ ಹತ್ತು ನಿಮಿಷ ಹಗ್ಗ ಹಿಡಿದು ನಡೆಸುವುದು, ಉಳಿದ ಹೊತ್ತು ತಾಯಿಯೊಡನೆ ಸಣ್ಣ ಅಂಗಳ.

ಹದಿನೈದು ದಿನಕ್ಕೊಮ್ಮೆ ಅದೇ ಜಾಗ, ಅದೇ ಗೋಡೆ, ಎದುರಿನಿಂದ ಒಂದು ಫೋಟೋ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಮೊದಲ ಮೂರು ಫೋಟೋ ಒಂದೇ ಥರ. ನಾಲ್ಕನೆಯದರಲ್ಲಿ ಮಂಡಿಗಳ ನಡುವೆ ಒಂದು ಬೆರಳಿನ ಬೆಳಕು ಕಂಡಿತು. ಮಾರ್ಗಶಿರದ ಹೊತ್ತಿಗೆ ಎಡಗಾಲು ನೆಟ್ಟಗಾಯಿತು, ಬಲಗಾಲು ಮುಕ್ಕಾಲು ಪಾಲು. ಸ್ಕ್ರೂ ಬೇಡವೆಂದರು.

ಹೀಗೆ ಒಂದು ಪುಟ ಮುಗಿಯಿತೆನ್ನುವಾಗ ಒಂಬತ್ತನೆಯ ತಿಂಗಳಲ್ಲಿ ಹಿಂಗಾಲಿನದು ಬಂತು. ಬೆಳಿಗ್ಗೆ ಎದ್ದ ಮರಿಯ ಒಂದು ಹಿಂಗಾಲು ಕೋಲಿನಂತೆ ಹಿಂದಕ್ಕೆ ಚಾಚಿಕೊಂಡಿತ್ತು. ಮಡಚಲು ಬಾರದೆ ಗೊರಸಿನ ತುದಿಯನ್ನು ನೆಲಕ್ಕೆ ಎಳೆಯುತ್ತಿತ್ತು. ನೋಡಿದವರು ಲಕ್ವ ಎಂದರು. ಡಾಕ್ಟರು ಬಂದು ಮರಿಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿದರು. ಟಕ್ ಎಂದು ಸದ್ದಾಗಿ ಕಾಲು ಬಿಡಿಸಿಕೊಂಡಿತು!

ಕುದುರೆ ನಿಂತೇ ನಿದ್ದೆ ಮಾಡುವ ಪ್ರಾಣಿ. ಹಿಂಗಾಲಿನ ಮಂಡಿಚಿಪ್ಪನ್ನು ತೊಡೆಯೆಲುಬಿನ ಒಂದು ಗುಬುಟಿಗೆ ಸಿಕ್ಕಿಸಿಕೊಂಡರೆ ಶ್ರಮವಿಲ್ಲದೆ ನಿಲ್ಲಬಹುದು. ಬಾಗಿಲಿಗೆ ಚಿಲಕವಿದ್ದಂತೆ ಅದು. ಎಳೆಯ ತಟ್ಟುಗಳಲ್ಲಿ, ಪುಟಾಣಿ ಕುದುರೆಗಳಲ್ಲಿ ತೊಡೆಯ ಸ್ನಾಯು ಸಾಲದೆ ಚಿಲಕ ಬೇಡದಾಗಲೂ ಬಿದ್ದುಬಿಡುತ್ತದೆ. ನಮ್ಮ ಎತ್ತು, ಎಮ್ಮೆಗಳಲ್ಲಿ ಇದೇ ತೊಂದರೆ ಬಹಳ. ಅವಕ್ಕೆ ಚಿಪ್ಪಿನ ಒಳಬದಿಯ ನಾರನ್ನು ಕತ್ತರಿಸಿ ಗುಣಮಾಡುವುದು ನಮ್ಮ ಕಡೆಯ ಪಶುವೈದ್ಯರಿಗೆ ಹಳೆಯ ಕೆಲಸ. ಕುದುರೆಗೆ, ಅದರಲ್ಲೂ ಎಳೆಯದಕ್ಕೆ, ಅದು ಕೊನೆಯ ಉಪಾಯ. ಮೊದಲಿನದು ನಡಿಗೆ.

ಮೊನ್ನೆಯವರೆಗೆ ನಡೆಸಬೇಡಿ, ಈಗ ನಡೆಸಿ! ಮುಂಗಾಲಿಗೆ ವಿಶ್ರಾಂತಿ ಬೇಕಾಗಿತ್ತು, ಹಿಂಗಾಲಿಗೆ ದುಡಿಮೆ ಬೇಕು. ಒಂದಾದ ಮೇಲೆ ಒಂದು ಬಂದದ್ದೇ ಭಾಗ್ಯ. ನಮ್ಮ ಊರ ಹೊರಗೆ ಕಾಲುವೆಯ ದಂಡೆಯಿದೆ. ನೀರು ಬರಲಿ ಬಿಡಲಿ, ದಂಡೆಯ ಏರಂತೂ ಇದೆ. ಮೊಮ್ಮಗಳು ಬೆಳಿಗ್ಗೆ, ನಾವು ಸಂಜೆ. ನೆಟ್ಟ ದಾರಿ, ನಿಧಾನ ಏರು. ಗುಂಡಗೆ ತಿರುಗಿಸಬಾರದು, ಲಾಯದಲ್ಲಿ ಕೂಡಿಹಾಕಬಾರದು. ಹತ್ತು ನಿಮಿಷದಿಂದ ಹಿಡಿದು ಎರಡು ತಿಂಗಳಲ್ಲಿ ನಲವತ್ತಕ್ಕೆ ತಂದೆವು. ನಮ್ಮ ಸಕ್ಕರೆಯೂ ಇಳಿಯಿತು. ದಿನಕ್ಕೆ ಐದಾರು ಸಲ ಬೀಳುತ್ತಿದ್ದ ಚಿಲಕ ವಾರಕ್ಕೊಮ್ಮೆ ಆಯಿತು, ಒಂದು ವರ್ಷ ತುಂಬಿದ ಮೇಲೆ ಛಳಿಯ ಬೆಳಿಗ್ಗೆಗಳಲ್ಲಿ ಮಾತ್ರ.

ದಂಡೆಯ ಮೇಲೆ ಸಿಕ್ಕ ಕುರುಬರೊಬ್ಬರು ಮರಿಯನ್ನು ನೋಡಿ ತಮ್ಮ ತಟ್ಟಿನ ಮಾತು ತೆಗೆದರು. ಕುರಿಹಿಂಡಿನ ಹಿಂದೆ ಗಂಟುಮೂಟೆ, ಕೋಳಿ, ಎಳೆಯ ಕುರಿಮರಿಗಳನ್ನು ಹೊತ್ತು ಸಾಗುವ ತಟ್ಟುಗಳು ಅವರದು. ಭೀಮಾ ನದಿ ನಮ್ಮ ಮಕ್ತಲ್ ಕಡೆಯ ತಂಗಡಿಯ ಬಳಿ ಕೃಷ್ಣೆಯನ್ನು ಸೇರುತ್ತದಲ್ಲ, ಅದರ ಮೇಲ್ದಂಡೆಯ ಮಹಾರಾಷ್ಟ್ರದಲ್ಲಿ ಇಂಥ ತಟ್ಟಿನ ತಳಿಗೆ ಭೀಮಥಡಿ ಎಂದು ಹೆಸರು. ಇತ್ತೀಚೆಗೆ ದೇಶದ ಕುದುರೆ ತಳಿಗಳ ಪಟ್ಟಿಗೂ ಸೇರಿತು. ಆ ಕುರುಬರಿಗೆ ನಮ್ಮ ಖನಿಜದ ಪುಡಿಯ ಲೆಕ್ಕ ಕೇಳಿ ನಗು. "ನಮ್ಮ ಮರಿ ತಾಯಿ ಹಿಂದ ದಿನಾ ಹರದಾರಿ ನಡೀತಾವ್ರಿ, ಸಿಕ್ಕ ಹುಲ್ಲು ತಿಂತಾವ. ಬೂಸಾ ಅವು ಕಂಡಾವೇನು?" ಎಂದರು.

ಈಗ ಮರಿಗೆ ಮೂರು ವರ್ಷ ದಾಟಿದೆ, ಎತ್ತರ 37 ಇಂಚು. ಬಲಗಾಲಿನ ಗೊರಸು ಇನ್ನೂ ಸ್ವಲ್ಪ ಹೊರಕ್ಕೆ ನೋಡುತ್ತದೆ, ಅದು ಹಾಗೇ ಉಳಿಯುತ್ತದೆ. ಬೆನ್ನ ಮೇಲೆ ಮಕ್ಕಳನ್ನು ಕೂರಿಸುವುದಿಲ್ಲ, ಯಾರು ಕೇಳಿದರೂ ಇಲ್ಲ. ನಾಲಬಂದ ಆರು ವಾರಕ್ಕೊಮ್ಮೆ ಬರುತ್ತಾರೆ. ಬಂಧುಗಳ ಮನೆಯಲ್ಲಿ ಯಾರಿಗಾದರೂ ಇಂಥ ಮರಿ, ಇಲ್ಲವೆ ಸೊಟ್ಟಗಾಲಿನ ಕರು ಸಿಕ್ಕರೆ ಮೊದಲ ವಾರದಲ್ಲೇ ಡಾಕ್ಟರಿಗೆ ತೋರಿಸಿರಿ. ನಮ್ಮ ತೆಲಂಗಾಣದಲ್ಲಿ 1962ಕ್ಕೆ ಫೋನು ಮಾಡಿದರೆ ಪಶುವೈದ್ಯರ ಗಾಡಿ ಊರಿಗೆ ಬರುತ್ತದೆ. ಹೋಗುವಾಗ ಮರಿಯ ಹುಟ್ಟಿದ ತಾರೀಖು ಬರೆದುಕೊಂಡು ಹೋಗಿರಿ, ಅವರು ಮೊದಲು ಕೇಳುವುದು ಅದನ್ನೇ.