ಒಲೆ ಇಲ್ಲದ ಗೋಡೆಗೆ ಒಂದು ತೊಲೆ

ಮನೆ ಮಾತು – ಭಾಗ 6

ರೀಲ್ಸಲ್ಲಿ ಫಾರಿನ್ ಮನೆಗಳನ್ನ ನೋಡಿರ್ತೀರ. ಗೋಡೆಯೊಳಗೇ ಬೆಂಕಿಗೂಡು, ಅದರ ಮೇಲೆ ಉದ್ದಕ್ಕೆ ಒಂದು ಮರ, ಮರದ ಮೇಲೆ ಫ್ಯಾಮಿಲಿ ಫೋಟೋ, ಗಡಿಯಾರ. ಆ ಮರಕ್ಕೆ ಮ್ಯಾಂಟಲ್ ಅಂತಾರೆ. ಶಿವಮೊಗ್ಗದ ನಮ್ಮ ಮನೇಲಿ ಬೆಂಕಿ ಅಂದ್ರೆ ಗ್ಯಾಸ್ ಸ್ಟೌ ಒಂದೇ. ಆದ್ರೂ ಕಳೆದ ಭಾನುವಾರ ನಾನೂ ಅಮ್ಮನೂ ಸೇರಿ ಹಾಲ್‌ನ ಗೋಡೆಗೆ ಒಂದು ಮ್ಯಾಂಟಲ್ ಕೂರಿಸಿದ್ವಿ.

ಮರ ಬಂದಿದ್ದು ತೀರ್ಥಹಳ್ಳಿ ಕಡೆಯ ಅಮ್ಮನ ತವರಿಂದ. ಅಲ್ಲಿ ಒಲೆ ಮೇಲೆ ಅಟ್ಟ ಇತ್ತು. ಮಳೆಗಾಲದಲ್ಲಿ ಸೌದೆ, ಹಲಸಿನ ಬೀಜ, ಒದ್ದೆ ಕಂಬಳಿ ಎಲ್ಲಾ ಒಣಗ್ತಿದ್ದದ್ದು ಅಲ್ಲೇ. ಆ ಅಟ್ಟ ಹೊತ್ತಿದ್ದ ಹಲಸಿನ ತೊಲೆ ಇದು. ಹೊಗೆ ಕುಡಿದು ಕಪ್ಪಾಗಿದೆ, ಆದ್ರೆ ಒಂದು ಹುಳದ ತೂತಿಲ್ಲ.

ಅಜ್ಜ ಹೋದ ಮೇಲೆ ಪಾಲಾಯ್ತು. ಅಮ್ಮ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಮಾಡಿ ಬಂದಳು. ಮಾವಂದಿರು ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿದ್ರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತ ಆಸ್ತೀಲಿ ಮಗಳಿಗೂ ಮಗನಷ್ಟೇ ಪಾಲು. ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಇದನ್ನ ಅಮ್ಮನಿಗೆ ಹೇಳಿದ್ರೆ, “ಗೊತ್ತು ಮಾರಾಯ್ತಿ. ಪಾಲು ತಗೊಂಡು ಆಮೇಲೆ ತವರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?” ಅಂದಳು. “ಅಕ್ಕ, ನಿಂಗೇನು ಬೇಕು ಕೇಳು” ಅಂತ ಮಾವ ಅಂದಾಗ ಅವಳು ಕೇಳಿದ್ದು ಈ ತೊಲೆಯ ನಾಲ್ಕಡಿ ತುಂಡು. ಅವರಿಗೆ ಅದು ಸೌದೆ.

ಈಗ ಕೂರಿಸೋ ವಿಷಯ. ಫಾರಿನ್ ವಿಡಿಯೋಗಳು ನಮ್ಮ ಗೋಡೆಗೆ ಆಗಲ್ಲ. ಅಮೆರಿಕದ ಮನೆಗಳ ಗೋಡೆ ಒಳಗೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ ಇರುತ್ತೆ, ಅದಕ್ಕೇ ಸ್ಕ್ರೂ ಹೊಡೀತಾರೆ. ನಮ್ಮದು ಇಟ್ಟಿಗೆ ಗೋಡೆ. ಡ್ರಿಲ್ ಮಾಡುವಾಗ ಬೂದು ಪುಡಿ ಬಂದ್ರೆ ಇನ್ನೂ ಪ್ಲಾಸ್ಟರಲ್ಲೇ ಇದೀರಿ, ಕೆಂಪು ಪುಡಿ ಬಂದ್ರೆ ಇಟ್ಟಿಗೆ ಸಿಕ್ತು ಅಂತ. ಭಾರ ಹೊರೋದು ಇಟ್ಟಿಗೆ, ಪ್ಲಾಸ್ಟರ್ ಅಲ್ಲ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ತೂತು ಬೇಡ, ಒಳಗೆ ವೈರ್ ಇರಬಹುದು. ತೂತಿನ ಪುಡಿ ಊದಿ ತೆಗೆದು, 10 ಎಂಎಂ ಪ್ಲಗ್ ಹಾಕಿ, ಮೂರು ಕಬ್ಬಿಣದ ಎಲ್ ಬ್ರಾಕೆಟ್ ಬಿಗಿದೆ. ಅಮ್ಮ ರಸಮಟ್ಟ ಹಿಡಿದು ನಿಂತಿದ್ಳು, ಗುಳ್ಳೆ ಮಧ್ಯಕ್ಕೆ ಬರೋವರೆಗೂ ನನ್ನ ಬಿಡಲಿಲ್ಲ. ಪಾಲಿಶ್ ಹೊಡೆಯೋಣ ಅಂದ್ರೆ ಬೇಡ ಅಂದಳು. ಒಣ ಬಟ್ಟೇಲಿ ಒರೆಸಿದ್ದು ಅಷ್ಟೇ, ಮಸಿ ಹಾಗೇ ಇದೆ.

ಮನೆಗೆ ಬಂದೋರೆಲ್ಲ ಚೆನ್ನಾಗಿದೆ ಅಂತಾರೆ. ನನಗೂ ತುಂಬ ಇಷ್ಟ. ಆದ್ರೆ ನಾಲ್ಕಡಿ ಮರ ಒಂದು ಪಾಲಿಗೆ ಸಮ ಅಂತ ಮಾತ್ರ ನಾನು ಒಪ್ಪಲ್ಲ.

ನನಗೂ ಒಬ್ಬ ತಮ್ಮ ಇದಾನೆ. “ಮುಂದೆ ನನ್ನ ಹತ್ರಾನೂ ಸೈನ್ ಕೇಳಿದ್ರೆ?” ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ಳು. ಆಮೇಲೆ ಅವನಿಗೂ ಕೇಳೋ ಹಾಗೆ, “ನಾನಿರೋವರೆಗೆ ಆ ಪೇಪರ್ ಈ ಮನೆಗೆ ಬರಲ್ಲ” ಅಂದಳು.

ನಿಮ್ಮ ಅಮ್ಮ ತವರಿಂದ ಏನು ತಂದ್ರು? ಏನು ಬಿಟ್ಟು ಬಂದ್ರು? ಕೇಳಿ ನೋಡಿ, ಕಾಮೆಂಟಲ್ಲಿ ಬರೀರಿ.

#ಮನೆಮಾತು #ತವರುಮನೆ #ಮಲೆನಾಡು