ಅಪ್ಪಿಕೊಂಡರೆ ಇಲಿ

ಪ್ರೇಮಕಥೆ ಬರೆಯುವವರು ಅಪ್ಪುಗೆಯನ್ನು ಜೋಪಾನವಾಗಿ ಎತ್ತಿಟ್ಟಿರುತ್ತಾರೆ. ಮಳೆ ಸುರಿಸಿ, ಜಗಳ ಆಡಿಸಿ, ರೈಲು ತಪ್ಪಿಸಿ, ಓದುವವರ ತಾಳ್ಮೆ ಇನ್ನೇನು ಕೆಟ್ಟಿತು ಅನ್ನುವಾಗ ಹೊರಗೆ ತೆಗೆಯುತ್ತಾರೆ. ಜಪಾನಿನ ಮಾಂಗಾ (ಚಿತ್ರಕಥೆ) ಕಲಾವಿದೆ ನತ್ಸುಕಿ ತಕಾಯಾ ಮಾತ್ರ ‘ಫ್ರೂಟ್ಸ್ ಬಾಸ್ಕೆಟ್’ನ ಮೊದಲ ಕಂತಿನಲ್ಲೇ ಅದನ್ನು ಖರ್ಚು ಮಾಡಿಬಿಡುತ್ತಾರೆ. ನಾಯಕಿ ತೊಹ್ರು ಎಡವಿ ಒಬ್ಬ ಹುಡುಗನ ಮೇಲೆ ಬೀಳುತ್ತಾಳೆ. ಬುಸ್ಸೆಂದು ಹೊಗೆ. ಹುಡುಗನಿದ್ದ ಜಾಗದಲ್ಲಿ ಒಂದು ಬೆಕ್ಕು, ನೆಲದ ಮೇಲೆ ಅವನ ಬಟ್ಟೆ. ಆ ಗಾಬರಿಯಲ್ಲಿ ಅಲ್ಲಿದ್ದ ಇನ್ನಿಬ್ಬರಿಗೂ ತಾಗಿ ಒಬ್ಬ ಇಲಿಯಾಗುತ್ತಾನೆ, ಇನ್ನೊಬ್ಬ ನಾಯಿ. ಸೋಮಾ ಮನೆತನದ ಶಾಪವದು: ಹೊರಗಿನ ಹೆಣ್ಣು ಅಪ್ಪಿದರೆ ಗಂಡು, ಗಂಡು ಅಪ್ಪಿದರೆ ಹೆಣ್ಣು, ವರ್ಷಕ್ಕೊಂದು ಪ್ರಾಣಿಯಿರುವ ಹನ್ನೆರಡು ವರ್ಷಗಳ ಚಕ್ರದಲ್ಲಿ ತನ್ನ ಪಾಲಿಗೆ ಬಂದ ಪ್ರಾಣಿಯಾಗಬೇಕು. ಹಳೆಯ ಕಥೆಯಲ್ಲಿ ಇಲಿಯ ಮೋಸದಿಂದ ದೇವರ ಔತಣ ತಪ್ಪಿಸಿಕೊಂಡು ಚಕ್ರದಿಂದಲೇ ಹೊರಗುಳಿದ ಬೆಕ್ಕಿಗೂ ಶಾಪ ತಪ್ಪಿಲ್ಲ. ಮತ್ತೆ ಮನುಷ್ಯರಾಗುವಾಗ ಮೈಮೇಲೆ ನೂಲಿನೆಳೆಯೂ ಇರುವುದಿಲ್ಲ. ಮೊದಲ ಸಂಪುಟಗಳ ನಗುವೆಲ್ಲ ಈ ಫಜೀತಿಯದು.

ನಗುತ್ತ ಪುಟ ತಿರುವುತ್ತಿರುವಾಗಲೇ ತಕಾಯಾ ನಾವು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯೊಂದನ್ನು ಮುಂದಿಡುತ್ತಾರೆ. ಅಪ್ಪಿದರೆ ಪ್ರಾಣಿಯಾಗುವ ಗಂಡುಮಗುವನ್ನು ಅಮ್ಮ ಎತ್ತಿಕೊಳ್ಳುವುದು ಹೇಗೆ?

ಮೊಮಿಜಿ ಎಂಬ ಹುಡುಗನದು ಮೊಲ. ಎದೆಗೊತ್ತಿಕೊಂಡಾಗಲೆಲ್ಲ ಮೊಲವಾಗುವ ಮಗನನ್ನು ಅವನ ಅಮ್ಮನಿಗೆ ತಾಳಿಕೊಳ್ಳಲಾಗಲಿಲ್ಲ. ಮನೆತನದ ವೈದ್ಯ ಹತೋರಿ ಅವಳ ನೆನಪಿನಿಂದ ಮಗನನ್ನೇ ಅಳಿಸಿದ. ಈಗ ಎದುರಾದರೆ ಅವಳ ಪಾಲಿಗೆ ಅವನು ಯಾರದೋ ಮನೆಯ ಹುಡುಗ. ಇದನ್ನೆಲ್ಲ ಮೊಮಿಜಿ ತೊಹ್ರುವಿಗೆ ನಗುನಗುತ್ತ ಹೇಳುತ್ತಾನೆ. ಎಷ್ಟೇ ನೋವಿದ್ದರೂ ತನ್ನ ನೆನಪುಗಳನ್ನು ತಾನೇ ಹೊತ್ತುಕೊಂಡು ಬದುಕಬೇಕೆಂಬುದು ಅವನ ಆಸೆ. ಕ್ಯೊನ, ಅಂದರೆ ಬೆಕ್ಕಿನ, ಅಮ್ಮ ಇನ್ನೊಂದು ಬಗೆ. ಮಗನೊಳಗಿನ ವಿಕಾರ ರೂಪವನ್ನು ತಡೆಹಿಡಿದ ಮಣಿಕಟ್ಟಿನ ಮಣಿಸರ ಇದೆಯೋ ಇಲ್ಲವೋ ಎಂದು ದಿನವೂ ಮತ್ತೆ ಮತ್ತೆ ನೋಡುತ್ತಾಳೆ, ನೋಡಿಕೊಂಡೇ ಪ್ರೀತಿಸುತ್ತೇನೆ ಅನ್ನುತ್ತಾಳೆ. ಇವರಿಬ್ಬರಲ್ಲಿ ನನಗೆ ಹೆಚ್ಚು ಭಯವಾಗುವುದು ಎರಡನೆಯವಳನ್ನು ಕಂಡರೆ. ಇದನ್ನು ಪ್ರೇಮಕಥೆ ಎಂದು ಮಾರುತ್ತಾರೆ, ಪ್ರೇಮವೂ ಬೇಕಾದಷ್ಟಿದೆ. ನಾನು ಮತ್ತೆ ಮತ್ತೆ ಓದುವುದು ಮಾತ್ರ ಈ ಅಮ್ಮಂದಿರ ಪುಟಗಳನ್ನು.

ತಕಾಯಾ ಹುಟ್ಟಿದ್ದು 1973ರಲ್ಲಿ. ಅಕ್ಕ ಚಿತ್ರ ಬರೆಯಲು ಕೂತದ್ದನ್ನು ನೋಡಿ, ಒಂದನೇ ತರಗತಿಯಲ್ಲಿದ್ದಾಗಲೇ ಮಾಂಗಾ ಬರೆಯಬೇಕೆಂದು ತೀರ್ಮಾನಿಸಿದವರು. 1992ರಲ್ಲಿ ಮೊದಲ ಕಥೆ ಅಚ್ಚಾಯಿತು. ಆರಂಭದ ಮಾಂತ್ರಿಕ ಕಥೆಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ, ಅಲ್ಲಿ ದುಃಖಕ್ಕೆ ಉಸಿರಾಡಲು ಜಾಗವಿಲ್ಲ. 1998ರಲ್ಲಿ ‘ಹಾನಾ ಟು ಯುಮೆ’ ಪತ್ರಿಕೆಯಲ್ಲಿ ‘ಫ್ರೂಟ್ಸ್ ಬಾಸ್ಕೆಟ್’ ಶುರುವಾಗಿ 2006ರಲ್ಲಿ ಮುಗಿಯಿತು: 23 ಸಂಪುಟ. ನಡುವೆ 2001ರಲ್ಲಿ ಕೊಡಾನ್ಶಾ ಪ್ರಶಸ್ತಿ.

ಆರನೇ ಸಂಪುಟದಲ್ಲಿ ಕ್ಯೊನ ಮಣಿಸರ ಕಳಚಿ ಅವನ ನಿಜರೂಪ ಹೊರಬೀಳುತ್ತದೆ. ಆ ಸಂಪುಟ ಬಂದ ಮೇಲೆ ತಕಾಯಾ ಅವರ ಎಡಗೈಗೆ ಪೆಟ್ಟಾಯಿತು. ಅವರು ಎಡಚರು, ಬರೆಯುವುದೇ ಆ ಕೈಯಲ್ಲಿ. ಶಸ್ತ್ರಚಿಕಿತ್ಸೆ ನಡೆದು, ಧಾರಾವಾಹಿ ಕೆಲಕಾಲ ನಿಂತುಹೋಯಿತು. ಮೊದಲ ಸಂಪುಟವನ್ನೂ ಕೊನೆಯ ಸಂಪುಟಗಳಲ್ಲೊಂದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲಿನದರಲ್ಲಿ ಮುಖದ ಅರ್ಧವೆಲ್ಲ ಕಣ್ಣು, ಪೊದೆಯಂಥ ಕೂದಲು, ಚೌಕದ ಮೂಲೆಮೂಲೆಗೂ ಸ್ಕ್ರೀನ್ ಟೋನಿನ ಚುಕ್ಕಿ ಛಾಯೆ. ಕೊನೆಗೆ ಬರುವ ಹೊತ್ತಿಗೆ ಮುಖ ನೀಳವಾಗಿದೆ, ಗೆರೆ ತೆಳುವಾಗಿದೆ, ಹಿನ್ನೆಲೆ ಬರಿದಾಗಿದೆ. ಬದಲಾದದ್ದು ಕೈಯಿಂದಲೋ ವಯಸ್ಸಿನಿಂದಲೋ, ನನಗೆ ಕೊನೆಯ ಶೈಲಿಯೇ ಇಷ್ಟ.

ಹುಡುಗಿಯರ ಮಾಂಗಾದಲ್ಲಿ ಮನಸ್ಸಿನ ಮಾತಿಗೆ ಬಲೂನಿನ ಗೋಡೆ ಬೇಕಿಲ್ಲ. 1970ರ ದಶಕದಲ್ಲಿ ಮೊತೊ ಹಾಗಿಯೊ ಮತ್ತು ಅವರ ಓರಗೆಯ ಕಲಾವಿದೆಯರು ಚೌಕಗಳ ಬೇಲಿ ಮುರಿದು, ಮಾತನ್ನು ಪುಟದ ಮೇಲೆ ತೇಲಲು ಬಿಟ್ಟರು. ತಕಾಯಾ ಆ ಹಾದಿಯವರೇ. ಎರಡು ಸಾಲು ಮಾತು, ಸುತ್ತ ಬಿಳಿ, ಬಗ್ಗಿಸಿದ ಒಂದು ತಲೆ. ಬಲದಿಂದ ಎಡಕ್ಕೆ ಓಡುತ್ತಿದ್ದ ಕಣ್ಣು ಅಲ್ಲಿ ತಾನಾಗಿ ನಿಧಾನಿಸುತ್ತದೆ. ಪಕ್ಕದ ಪುಟದ ಅಂಚಿನಲ್ಲಿ ಇದೇ ಲೇಖಕಿ ತಾವು ಆಡುತ್ತಿರುವ ವಿಡಿಯೊ ಗೇಮಿನ ವಿಷಯ ಹರಟುತ್ತಿರುತ್ತಾರೆ!

2001ರಲ್ಲಿ ಬಂದ ಇದೇ ಕಥೆಯ 26 ಕಂತಿನ ಟೀವಿ ಅನಿಮೆ ತಕಾಯಾ ಅವರಿಗೆ ಒಗ್ಗಲಿಲ್ಲ. ಮಾಂಗಾ ಅರ್ಧಕ್ಕೂ ಬರದಿದ್ದಾಗ ಮಾಡಿ ಮುಗಿಸಿದ್ದು ಅದು. ಮತ್ತೆ ಮಾಡುವ ಮಾತು ಬಂದಾಗ ಹೊಸ ತಂಡ, ಹೊಸ ದನಿಗಳು ಬೇಕೆಂದು ಕೇಳಿ, ತಾವೇ ಮೇಲ್ವಿಚಾರಣೆಗೆ ನಿಂತರು. 2019ರಿಂದ 2021ರವರೆಗೆ 63 ಕಂತುಗಳಲ್ಲಿ ಕಥೆ ಪೂರ್ತಿ ಬಂತು. ಚೆನ್ನಾಗಿಯೇ ಇದೆ. ಆದರೆ ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಟೀವಿ ನಮಗೆ ಬಿಡುವುದಿಲ್ಲ. ಮೊಮಿಜಿ ನಗುತ್ತ ಅಮ್ಮನ ಕಥೆ ಹೇಳುವಾಗ ನಾನು ರಿಮೋಟು ಒತ್ತಿ ನಿಲ್ಲಿಸಿಕೊಂಡೆ.